ಮಕ್ಕಳನ್ನು ಒಮ್ಮೆ ಪಡದೆ ಹಿಂದೆ ಕರೆದುಕೊಂಡು ಹೋಗಿ

ಸಂಪಾದಕರೇ, ನಮಸ್ಕಾರ.

ನಮ್ಮದು ಗುಳೇದಗುಡ್ಡದಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ, ಜೊತೆಗೆ ಡಿಟಿಪಿ ಕೆಲಸ. ಶಾಲೆಗಳಲ್ಲಿ ಮಕ್ಕಳಿಗೆ ಏನು ಕಲಿಸುತ್ತಿದ್ದಾರೆ ಅನ್ನೋದು ಪಾಲಕರಿಗಿಂತ ಮೊದಲು ನಮ್ಮಂಥವರಿಗೇ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಒಂದು ಹಾಳೆ ಬಂತು, ಅರವತ್ತು ಕಾಪಿ ಬೇಕು ಅಂತ. ಮೇಲೆ 'ರಂಗಭೂಮಿಯ ಪದಗಳು' ಎಂದು ದಪ್ಪಕ್ಷರ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ನೇಪಥ್ಯ, ಪ್ರಸಾಧನ, ಪೂರ್ವಾಭ್ಯಾಸ, ರಂಗಸಜ್ಜಿಕೆ. ಅವತ್ತು ಸಂಜೆ ಅದೇ ಹಾಳೆ ನಾಲ್ಕನೇ ಕ್ಲಾಸಿನ ನನ್ನ ಮಗಳ ಚೀಲದಲ್ಲಿ ನಮ್ಮ ಮನೆಗೂ ಬಂತು.

"ಅಪ್ಪಾ, ಬಾಯಿಪಾಠ ಆತು, ಕೇಳು" ಅಂದಳು. ಕೇಳಿದೆ. ಬ್ಯಾಕ್‌ಸ್ಟೇಜ್ ಅಂದ್ರ ನೇಪಥ್ಯ. ನೇಪಥ್ಯ ಅಂದ್ರ ಏನವ್ವಾ? ಬ್ಯಾಕ್‌ಸ್ಟೇಜ್. ಅಲ್ಲಿಗೆ ಮುಗೀತು.

ಮಕ್ಕಳಿಗೆ ನಾಟಕದ ಪದ ಕಲಿಸುವುದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಾಗಲಕೋಟೆ ಜಿಲ್ಲೆಯಲ್ಲಿ ಕೂತು ಆ ಪದಗಳನ್ನು ಹಾಳೆ ನೋಡಿ ಕಲಿಸುವುದು ಅಂದ್ರೆ ಬಾವಿಯ ದಂಡೆಯ ಮೇಲೆ ಕೂತು ನೀರಿನ ಬಾಟಲಿ ಕೊಂಡ ಹಾಗೆ ಅಲ್ವಾ? ಸುಗ್ಗಿ ಮುಗಿದರೆ, ಜಾತ್ರೆ ಬಂದರೆ ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ನಾಟಕ. ಅವುಗಳ ಹ್ಯಾಂಡ್‌ಬಿಲ್ ಮಾಡಿಕೊಡೋನು ನಾನೇ. ನಾಟಕದ ಹೆಸರು ದೊಡ್ಡದಾಗಿ ಹಾಕಿ, ಕೆಳಗೆ 'ಅರ್ಥಾತ್' ಎಂದು ಬರೆದು, ಅದರ ಕೆಳಗೆ ಇನ್ನೊಂದು ಹೆಸರು ಹಾಕಬೇಕು. ಆ 'ಅರ್ಥಾತ್' ಇಲ್ಲದಿದ್ದರೆ ಹುಡುಗರು ಹಾಳೆ ವಾಪಸ್ ಕೊಡುತ್ತಾರೆ. ನನ್ನ ಮಗಳಿಗೆ ಆ ಪದ ಯಾರೂ ಕಲಿಸಿಲ್ಲ, ಅಂಗಡಿಯಲ್ಲಿ ಕೂತು ತಾನೇ ಕಲಿತಳು. ಮೊನ್ನೆ ಅವರ ಅಮ್ಮನಿಗೆ "ಅನ್ನ ಸಾರು ಅರ್ಥಾತ್ ನಿನ್ನಿದೇ ಸಾರು" ಅಂದಳು. ಬೈಸಿಕೊಂಡಳು, ಆದರೆ ಪದ ಸರಿಯಾಗಿಯೇ ಬಳಸಿದ್ದಳು ನೋಡಿ.

ಜನವರಿಯಲ್ಲಿ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದೆವು. ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹೊಡೆದು ಸುಮಾರು ಒಂದು ತಿಂಗಳು ಇರುತ್ತವೆ, ಇದು ನಿಮ್ಮ ಓದುಗರಿಗೆ ಹೊಸದೇನಲ್ಲ. ರಾತ್ರಿಯ ಆಟಕ್ಕೆ ಮಗಳನ್ನು ಕರೆದೊಯ್ಯಲಿಲ್ಲ. ಈಗಿನ ಎಷ್ಟೋ ನಾಟಕಗಳಲ್ಲಿ ಎರಡರ್ಥದ ಮಾತು ಜಾಸ್ತಿ, ಮಕ್ಕಳ ಜೊತೆ ಕೂರೋಕೆ ಮುಜುಗರ, ಇದ್ದದ್ದು ಇದ್ದ ಹಾಗೆ ಹೇಳಿಬಿಡೋದು ಒಳ್ಳೆಯದು. ಅದಕ್ಕೆ ಸಂಜೆ ನಾಲ್ಕರ ಸುಮಾರಿಗೆ, ಹ್ಯಾಂಡ್‌ಬಿಲ್ಲಿನ ಪರಿಚಯದ ಮೇಲೆ, ಒಂದು ಟೆಂಟಿನ ಹಿಂದುಗಡೆಯಿಂದ ಒಳಗೆ ಹೋದೆವು.

ಮೊದಲು ಕಂಡದ್ದು ಪಡದೆ. ದಪ್ಪ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದದ್ದು, ಕೆಳಗೆ ಉದ್ದ ಕೋಲು. ಒಬ್ಬ ಹುಡುಗ ಹಗ್ಗ ಎಳೆದ. ಬೀದಿಯ ಪಡದೆ ಸುತ್ತಿಕೊಳ್ಳುತ್ತ ಮೇಲೆ ಹೋಯಿತು, ಹಿಂದೆ ಅರಮನೆ. ಅದೂ ಮೇಲೆ ಹೋಯಿತು, ಹಿಂದೆ ಕಾಡು. ಮಗಳು ಇನ್ನೊಮ್ಮೆ, ಇನ್ನೊಮ್ಮೆ ಅಂತ ನಾಲ್ಕು ಸಲ ಎಳೆಸಿದಳು, ಪಾಪ ಆ ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ. ರಂಗಸಜ್ಜಿಕೆ ಅನ್ನೋದು ಅವಳಿಗೆ ಅಲ್ಲಿ ತಿಳಿಯಿತು. ಪೇಟಿ ಮಾಸ್ತರರು ಕಾಲಿನಿಂದ ತುಳಿದು ನುಡಿಸುವ ಪೇಟಿ, ಅಂದ್ರೆ ಹಾರ್ಮೋನಿಯಂ, ತೋರಿಸಿದರು. ಅವಳ ಕಾಲು ಎಟುಕಲಿಲ್ಲ. ಅವರು ತುಳಿದರು, ಇವಳು ಪೇಟಿಯ ಮನೆಗಳನ್ನು ಬೆರಳಿನಿಂದ ಒತ್ತಿದಳು. ಒಳಗೆ ಒಬ್ಬರು ಕೈಗನ್ನಡಿ ಹಿಡಿದು ಮೀಸೆ ಅಂಟಿಸಿಕೊಳ್ಳುತ್ತಿದ್ದರು. ಒಂದು ಕಡೆ ಮೀಸೆ ಹತ್ತಿತ್ತು, ಇನ್ನೊಂದು ಕಡೆ ಇನ್ನೂ ಇಲ್ಲ. ಅದೇ ಮುಖದಲ್ಲಿ ತಿರುಗಿ "ಯಾವ ಊರವ್ವಾ?" ಅಂತ ಕೇಳಿದರು. ಅದನ್ನು ನನ್ನ ಮಗಳು ಈ ಜನ್ಮದಲ್ಲಿ ಮರೆಯಲಿಕ್ಕಿಲ್ಲ.

ಅಲ್ಲಿ ಯಾರೂ ಪೂರ್ವಾಭ್ಯಾಸ ಅನ್ನಲಿಲ್ಲ. ತಾಲೀಮು ಅಂದರು. ಇವಳಿಗೆ ತಾಲೀಮು ಅಂದ್ರೆ ಪೈಲ್ವಾನರದು ಮಾತ್ರ ಗೊತ್ತಿತ್ತು, ನಾಟಕಕ್ಕೂ ತಾಲೀಮು ಇರುತ್ತದೆ ಅಂತ ಆವತ್ತು ಗೊತ್ತಾಯಿತು. ಇಂಥ ಪದ ನಮ್ಮ ಹತ್ತಿರ ಬೇಕಾದಷ್ಟಿವೆ. ನಮ್ಮ ಕಡೆಯ ಬಯಲಾಟವಾದ ದೊಡ್ಡಾಟದಲ್ಲಿ ಸಾರಥಿ ಅಂದ್ರೆ ಬರೀ ರಥ ಹೊಡೆಯುವವನಲ್ಲ, ಬಂದ ಪಾತ್ರವನ್ನು ನೀನ್ಯಾರು ಅಂತ ಮಾತಾಡಿಸಿ ನಗಿಸುವವನು. ಹಿಮ್ಮೇಳ ಅಂದ್ರೆ ಹಿಂದೆ ನಿಂತು ಹಾಡುವವರು, ಬಾರಿಸುವವರು. ಅದಕ್ಕೇ ಒಬ್ಬ ಹೇಳಿದ್ದಕ್ಕೆಲ್ಲ ಇನ್ನೊಬ್ಬ ಹೂಂ ಅಂದರೆ ಇವನು ಅವನ ಹಿಮ್ಮೇಳ ಅಂತೀವಿ. ಬಣ್ಣ ಬಯಲಾಯ್ತು, ವೇಷ ಹಾಕಬೇಡ, ತೆರೆಮರೆಯಲ್ಲಿ ಯಾರೋ ಇದ್ದಾರೆ, ಇವೆಲ್ಲ ಎಲ್ಲಿಂದ ಬಂದವು ಅಂತ ಮಕ್ಕಳನ್ನೇ ಕೇಳಿ ನೋಡಿ, ಒಂದು ಪಿರಿಯಡ್ ಸಾಲದು.

ಜನರ ಬಗ್ಗೆ ಹೇಳೋಕೂ ದೂರ ಹೋಗಬೇಕಿಲ್ಲ. ಶ್ರೀಕೃಷ್ಣ ಪಾರಿಜಾತ ಅನ್ನೋ ಬಯಲಾಟಕ್ಕೆ ಹೆಸರು ತಂದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇಬ್ಬರೂ ಬೆಳಗಾವಿ ಜಿಲ್ಲೆಯವರು. 1914ರಲ್ಲಿ ಹುಟ್ಟಿ ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರು ಸವದತ್ತಿ ಕಡೆಯವರು, ಹೆಣ್ಣಿನ ಪಾತ್ರವನ್ನೂ ಮಾಡಿದವರು. ವಿಜಯಪುರದ ರಂಗಮಂದಿರಕ್ಕೆ ಹೆಸರು ಬಂದಿರುವುದು ನಾಟಕಕಾರ ಕಂದಗಲ್ಲ ಹನುಮಂತರಾಯರಿಂದ, ಆ ಕಂದಗಲ್ಲ ನಮ್ಮದೇ ಜಿಲ್ಲೆಯ ಊರು. ಹಾಳೆಯಲ್ಲಿ ಇವರ ಒಂದು ಹೆಸರೂ ಇರಲಿಲ್ಲ.

ಮಾಸ್ತರರನ್ನು ದೂರೋಕೆ ಇದನ್ನು ಬರೆದಿಲ್ಲ. ಅವರಿಗೂ ಮೇಲಿನಿಂದ ಪೋರ್ಷನ್ ಮುಗಿಸು ಅನ್ನೋ ಒತ್ತಡ ಇರುತ್ತದೆ. ಮುಂದಿನ ಜಾತ್ರೆಗೆ ಬಾದಾಮಿ, ಗುಳೇದಗುಡ್ಡ ಸುತ್ತಿನ ಶಾಲೆಗಳು ಒಂದು ಸಂಜೆ ಮಕ್ಕಳನ್ನು ಟೆಂಟಿನ ಹಿಂದೆ ಕರೆದೊಯ್ಯಲಿ, ಅಷ್ಟೇ. ಮಧ್ಯಾಹ್ನಕ್ಕೆ ಮೊದಲು ಬೇಡ, ರಾತ್ರಿಯೆಲ್ಲ ಆಟ ಆಡಿದವರು ಮಲಗಿರುತ್ತಾರೆ. ಜಾತ್ರೆಗೆ ದೂರ ಆದರೆ ಊರ ಹುಡುಗರ ತಾಲೀಮು ನಡೆಯುವ ಗುಡಿಯ ಕಟ್ಟೆಯಾದರೂ ಸಾಕು. ನೀವೂ ನಿಮ್ಮ ಮಕ್ಕಳ ಪುಟದಲ್ಲಿ ವಾರಕ್ಕೊಂದು ಪದ, ಒಂದು ಫೋಟೋ ಹಾಕಬಹುದಲ್ವಾ?

ಹಾಂ, ಆಮೇಲೆ ಟೆಸ್ಟ್ ಆಯಿತು. ನೇಪಥ್ಯ ಎಂದರೇನು ಅನ್ನೋ ಪ್ರಶ್ನೆಗೆ ಮಗಳು "ಮೀಸೆ ಅಂಟಿಸಿಕೊಳ್ಳುವ ಜಾಗ" ಎಂದು ಬರೆದು ಬಂದಿದ್ದಾಳೆ. ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದ್ದಾರೆ. ಅರ್ಧ ಮಾರ್ಕಾದರೂ ಕೊಡಬಹುದಿತ್ತು.

ಇಂತಿ,
ಒಬ್ಬ ಪಾಲಕ, ಗುಳೇದಗುಡ್ಡ