ಒಂದು ಹಾಳೆ, ಒಂದು ತಕ್ಕಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ತಾಲ್ಲೂಕು ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ 19 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಈಗ ನಿವೃತ್ತಿಯಾಗಿದೆ, ಹಾಗಾಗಿ ಬರೆಯುವ ಧೈರ್ಯ ಸ್ವಲ್ಪ ಜಾಸ್ತಿ. ಸಿಸೇರಿಯನ್ ವೇಳೆ ಆಗುವ ವಿಪರೀತ ರಕ್ತಸ್ರಾವದ ಬಗ್ಗೆ ನಿಮ್ಮಲ್ಲಿ ಒಂದೆರಡು ಮಾತು ಹೇಳಬೇಕು.

ಕೆಲವು ವರ್ಷಗಳ ಹಿಂದಿನ ಒಂದು ರಾತ್ರಿ. ಎರಡನೇ ಹೆರಿಗೆಗೆ ಬಂದ ಹೆಣ್ಣುಮಗಳು. ಮೊದಲನೆಯದೂ ಸಿಸೇರಿಯನ್. ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ಗಡಿಬಿಡಿಯಲ್ಲಿ ಟೇಬಲ್ ಮೇಲೆ ಮಲಗಿಸಿದೆವು. ಮಗು ಚೆನ್ನಾಗಿಯೇ ಅತ್ತಿತು. ಆಮೇಲೆ ಗರ್ಭಕೋಶ ಬಿಗಿಯಾಗಲೇ ಇಲ್ಲ, ನಾದಿದ ಹಿಟ್ಟಿನ ಹಾಗೆ ಮೆತ್ತಗೇ ಉಳಿಯಿತು. ಗರ್ಭಕೋಶ ಬಿಗಿ ಮಾಡುವ ಆಕ್ಸಿಟೋಸಿನ್ ಔಷಧಿ ಹೋಗುತ್ತಿದೆ, ಡಾಕ್ಟರು ಕೈಯಲ್ಲಿ ಹಿಸುಕುತ್ತಿದ್ದಾರೆ, ನಾನು ರಕ್ತ ಹೀರುವ ಬಟ್ಟೆ, ಮಾಪ್ ಮೇಲೆ ಮಾಪ್ ಕೊಡುತ್ತಿದ್ದೇನೆ. ರಕ್ತ ಬೇಕು ಅಂದಾಗ ನೋಡಿದರೆ, ಆಕೆಯ ಗುಂಪಿನ ರಕ್ತ ನಮ್ಮಲ್ಲಿ ಒಂದು ಯೂನಿಟ್ಟೂ ಇಲ್ಲ. ಆಕೆಯ ತಮ್ಮ ಬೈಕಿಗೆ ಐಸ್ ಡಬ್ಬಿ ಕಟ್ಟಿಕೊಂಡು ಜಿಲ್ಲಾ ಕೇಂದ್ರಕ್ಕೆ ಓಡಿದ.

ಆಕೆ ಬದುಕಿಕೊಂಡಳು. ಬೆಳಗಿನ ಜಾವ, ಎಲ್ಲ ತಣ್ಣಗಾದ ಮೇಲೆ, ನಾನು ತಾಯಿ ಕಾರ್ಡ್ ತೆಗೆದು ನೋಡಿದೆ. ಹಿಮೋಗ್ಲೋಬಿನ್ 8.2, ಅಂದರೆ ಮೈಯಲ್ಲಿ ರಕ್ತ ಕಡಿಮೆ. ಏಳನೇ ತಿಂಗಳಲ್ಲೇ ಬರೆದಿದ್ದರು, ದುಂಡಗಿನ ಅಕ್ಷರದಲ್ಲಿ, ಕೆಳಗೆ ಗೆರೆ ಬೇರೆ ಎಳೆದಿದ್ದರು. ಥಿಯೇಟರಿಗೆ ಕರೆದೊಯ್ಯುವ ಮುಂಚೆ ಅದನ್ನು ಓದಿದವರು ಯಾರೂ ಇರಲಿಲ್ಲ. ನಾನೂ ಓದಿರಲಿಲ್ಲ.

ಓದಲೇಬೇಕು ಅಂತ ಯಾವ ಹಾಳೆಯೂ ನಮ್ಮನ್ನು ಕೇಳುತ್ತಿರಲಿಲ್ಲ. ಅನಸ್ತೇಸಿಯಾಕ್ಕೆ ಒಂದು ಹಾಳೆ, ಒಪ್ಪಿಗೆಗೆ ಒಂದು ಹಾಳೆ. ರಕ್ತ ಹೋಗುವ ಅಪಾಯಕ್ಕೆ? ಅದು ಡಾಕ್ಟರ ತಲೆಯಲ್ಲಿ ಇರಬೇಕು ಅಷ್ಟೇ. ರಾತ್ರಿ ಎರಡು ಗಂಟೆಗೆ ಯಾರ ತಲೆಯಲ್ಲಿ ಏನು ಉಳಿದಿರುತ್ತೆ ಹೇಳಿ.

ಅದಕ್ಕೂ ಒಂದು ಹಾಳೆ ಬೇಕು. ಅದರಲ್ಲಿ ಇರಬೇಕಾದ್ದು ಹತ್ತು ಸಾಲು. ಹಿಂದೆ ಎಷ್ಟು ಸಿಸೇರಿಯನ್ ಆಗಿದೆ, ಹಿಂದಿನ ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿತ್ತಾ, ಹಿಮೋಗ್ಲೋಬಿನ್ ಎಷ್ಟು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಷ್ಟು. ಅವಳಿ ಇದೆಯಾ, ಮಗುವಿನ ಸುತ್ತ ನೀರು ಜಾಸ್ತಿ ಇದೆಯಾ, ಗರ್ಭಕೋಶದಲ್ಲಿ ಗಡ್ಡೆ ಇದೆಯಾ, ಬಿಪಿ ಇದೆಯಾ. ಹೆರಿಗೆ ನೋವು ಬರಿಸುವ ಡ್ರಿಪ್ ಹಾಕಿ ಎಷ್ಟು ಹೊತ್ತಾಯಿತು. ಎಲ್ಲಕ್ಕಿಂತ ಮುಖ್ಯ, ಸ್ಕ್ಯಾನಿಂಗ್‌ನಲ್ಲಿ ಮಾಸು (ಪ್ಲಾಸೆಂಟಾ) ಎಲ್ಲಿ ಕೂತಿದೆ. ಮಾಸು ಕೆಳಗಿದ್ದು, ಮೊದಲೂ ಸಿಸೇರಿಯನ್ ಆಗಿದ್ದರೆ ಅದು ಹಳೆಯ ಹೊಲಿಗೆಯ ಜಾಗದಲ್ಲಿ ಬೇರು ಬಿಟ್ಟ ಹಾಗೆ ಅಂಟಿಕೊಳ್ಳಬಹುದು. 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಮಾಸು ಕೆಳಗಿದ್ದು ಮೂರನೇ ಸಿಸೇರಿಯನ್ ಆದವರಲ್ಲಿ 100ಕ್ಕೆ 40 ಜನರಿಗೆ ಹೀಗಾಗಿತ್ತು. ಅಂಥವರನ್ನು ತಾಲ್ಲೂಕಿನಲ್ಲಿ ಕೊಯ್ಯಲೇಬಾರದು. ನೋವು ಬರುವ ಮೊದಲೇ, ಹಗಲು ಹೊತ್ತಿನಲ್ಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು.

ನಮ್ಮ ರಾಜ್ಯದ ಲೆಕ್ಕ ನಿಮಗೆ ನಾನು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ 100ರಲ್ಲಿ 31 ಹೆರಿಗೆ ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಸುಮಾರು 24 ಇತ್ತು. ಗರ್ಭಿಣಿಯರಲ್ಲಿ 100ಕ್ಕೆ ಸುಮಾರು 46 ಜನರಿಗೆ ರಕ್ತಹೀನತೆ. ಅಂದರೆ ಹೊಲಿಗೆಯ ಗರ್ಭಕೋಶಗಳು ಜಾಸ್ತಿ ಆಗುತ್ತಿವೆ, ಮೈಯಲ್ಲಿ ರಕ್ತ ಮಾತ್ರ ಜಾಸ್ತಿ ಆಗಿಲ್ಲ.

ಹಾಳೆ ತುಂಬಿದರೆ ಮುಗಿಯಿತು ಅಂತ ನಾನು ಹೇಳುತ್ತಿಲ್ಲ. ಒಂದೂ ಟಿಕ್ ಬೀಳದ ಹೆಂಗಸರಲ್ಲೂ ರಕ್ತ ಹರಿದದ್ದನ್ನು ನೋಡಿದ್ದೇನೆ. ಅದಕ್ಕೇ ಹೋದ ರಕ್ತ ಅಳೆಯೋಕೆ ತಕ್ಕಡಿ ಬೇಕು.

ಸಿಸೇರಿಯನ್‌ನಲ್ಲಿ ಹೋದ ರಕ್ತ 1000 ಎಂಎಲ್ ದಾಟಿದರೆ ಅಪಾಯ ಅಂತ ಪುಸ್ತಕದಲ್ಲಿದೆ. ನಾವು ಬರೆಯುತ್ತಿದ್ದದ್ದು ಕಣ್ಣಂದಾಜಿನಲ್ಲಿ. ಹೆಚ್ಚಿನ ಕೇಸ್ ಶೀಟಿನಲ್ಲಿ 500 ಅಂತಲೇ ಇರುತ್ತಿತ್ತು, ಸುಮ್ನೆ ಅಭ್ಯಾಸದಿಂದ. ಇದನ್ನು ತಿದ್ದುವ ದಾರಿ ತೋರಿಸಿದ್ದು ನಮ್ಮ ಬೆಳಗಾವಿಯೇ. ಅಲ್ಲಿ ಸಹಜ ಹೆರಿಗೆಯಾದವರ ಕೆಳಗೆ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಹಾಸು ಹಾಕಿ ರಕ್ತ ಅಳೆದರು. ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಬಂದಿತ್ತು. 2006ರಲ್ಲೇ ಅದು ಪ್ರಕಟವಾಯಿತು.

ಥಿಯೇಟರಿನಲ್ಲಿ ಅಳೆಯೋದು ಇನ್ನೂ ಸುಲಭ. ನೆನೆದ ಮಾಪ್ ತೂಗಿ, ಒಣ ಮಾಪಿನ ತೂಕ ಕಳೆಯಬೇಕು. ಒಂದು ಗ್ರಾಂಗೆ ಹೆಚ್ಚುಕಡಿಮೆ ಒಂದು ಎಂಎಲ್. ಹೊಟ್ಟೆಯಿಂದ ಹೀರಿದ ದ್ರವ ಸೇರುವ ಸಕ್ಷನ್ ಬಾಟಲಿಯಲ್ಲಿ ಮಗುವಿನ ನೀರು ಎಲ್ಲಿಯವರೆಗೆ ಬಂತು ಅಂತ ಮೊದಲೇ ಪೆನ್ನಿನಲ್ಲಿ ಗೆರೆ ಹಾಕಿಕೊಂಡರೆ ಮಿಕ್ಕದ್ದು ರಕ್ತ. ಕೊನೆಯ ಎರಡು ವರ್ಷ ನಾನು ಮನೆಯಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೆ. ಮೊದಮೊದಲು ನಕ್ಕರು. ಆಮೇಲೆ ಡಾಕ್ಟರೇ ‘ಸಿಸ್ಟರ್, ಎಷ್ಟಾಯ್ತು?’ ಅಂತ ಕೇಳೋಕೆ ಶುರು ಮಾಡಿದರು. ಬೇಗ ಗೊತ್ತಾದರೆ ರಕ್ತಸ್ರಾವ ತಡೆಯುವ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್ ಬೇಗ ಕೊಡಬಹುದು. ಹೆರಿಗೆಯಾಗಿ ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಅದರಿಂದ ಪ್ರಯೋಜನವಿಲ್ಲ.

ಇಷ್ಟಕ್ಕೆ ನೀವು ಹೊರಡಿಸಬೇಕಾದ್ದು ಒಂದು ಸುತ್ತೋಲೆ. ಹಾಳೆ ತುಂಬದೆ ಕೇಸು ಥಿಯೇಟರಿಗೆ ಬರಬಾರದು. ತೀರಾ ತುರ್ತಾದರೆ ಟ್ರಾಲಿ ತಳ್ಳುತ್ತಲೇ ಓದಿ ಹೇಳಲಿ, ಒಂದು ನಿಮಿಷ ಸಾಕು. ಅಪಾಯ ಇದೆ ಅಂತ ಕಂಡವರಿಗೆ ಕ್ರಾಸ್‌ಮ್ಯಾಚ್ ಆದ, ಅಂದರೆ ಅವರಿಗೆ ಹೊಂದುತ್ತೆ ಅಂತ ಪರೀಕ್ಷಿಸಿಟ್ಟ ರಕ್ತ ಮೊದಲೇ ಫ್ರಿಜ್ಜಿನಲ್ಲಿರಬೇಕು. ರಕ್ತ ಸಂಗ್ರಹ ಘಟಕಕ್ಕೆ ರಾತ್ರಿ ಪಾಳಿಗೂ ಟೆಕ್ನಿಷಿಯನ್ ಬೇಕು. ಇದಕ್ಕೆ ಮಾತ್ರ ದುಡ್ಡು ಬೇಕಾಗುತ್ತೆ, ಒಪ್ಪುತ್ತೇನೆ.

ಹತ್ತು ಸಾಲಿನ ಹಾಳೆಯನ್ನು ನನ್ನ ಕೈಬರಹದಲ್ಲೇ ಬರೆದು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ತಪ್ಪಿದ್ದರೆ ನಿಮ್ಮ ತಜ್ಞರು ತಿದ್ದಲಿ. ತಕ್ಕಡಿ ಅದೇ ಥಿಯೇಟರಿನಲ್ಲಿ ಬಿಟ್ಟು ಬಂದಿದ್ದೇನೆ. ಸೆಲ್ ಹಾಕಿಸುತ್ತಿದ್ದಾರೋ ಇಲ್ಲವೋ, ಒಮ್ಮೆ ಹೋಗಿ ನೋಡಬೇಕು.

ಇಂತಿ,
ನಿವೃತ್ತ ಸ್ಟಾಫ್ ನರ್ಸ್