ತಲಪಾಡಿಗೆ ಬಂದು ನಿಲ್ಲುವ ಯೋಜನೆಗಳು

ಮಾನ್ಯ ಸಂಪಾದಕರೇ,

ಕರ್ನಾಟಕ–ಕೇರಳ ಗಡಿಯ ತಲಪಾಡಿಯಿಂದ ಕಾಸರಗೋಡು ಬಳಿಯ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡ ಮೇಲೆ ದೂರದ ಪ್ರಯಾಣ ಸುಗಮವಾಗಿರುವುದು ನಿಜ. ಆದರೆ ಹೆದ್ದಾರಿಯ ಪಶ್ಚಿಮಕ್ಕೆ ಮನೆ, ಪೂರ್ವಕ್ಕೆ ಶಾಲೆಯೋ ರೇಷನ್ ಅಂಗಡಿಯೋ ಇರುವವರು ಈಗ ಅಂಡರ್‌ಪಾಸ್ ಇರುವಲ್ಲಿಯವರೆಗೆ ನಡೆದು, ಸುತ್ತಿ ಬರಬೇಕಾಗಿದೆ. ಹೆದ್ದಾರಿಯ ಗೆರೆ ಎಳೆಯುವವರು ಕೇಂದ್ರದವರು, ಅದರ ಬದಿಯ ಕಟ್ಟಡಕ್ಕೆ ಪರವಾನಗಿ ಕೊಡುವುದು ಪಂಚಾಯತು, ಬಸ್ಸಿನ ಪರ್ಮಿಟ್ ನಿರ್ಧರಿಸುವುದು ಸಾರಿಗೆ ಪ್ರಾಧಿಕಾರ. ಈ ಮೂವರೂ ಒಂದೇ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತು ಮಾತನಾಡಿದರೆ ಮಾತ್ರ ರಸ್ತೆಗೂ ಊರಿಗೂ ಹೊಂದಿಕೆಯಾದೀತು.

ಗಡಿನಾಡಿನಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಕೇರಳದ ಮಂಜೇಶ್ವರ ತಾಲೂಕಿನ ನಮಗೆ ದೊಡ್ಡ ಆಸ್ಪತ್ರೆಯೆಂದರೆ ಕರ್ನಾಟಕದ ದೇರಳಕಟ್ಟೆ ಅಥವಾ ಮಂಗಳೂರು, ವಿಶ್ವವಿದ್ಯಾನಿಲಯವೆಂದರೆ ಕೊಣಾಜೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳವಾದದ್ದೆಂದು ನಾಡಿಗೆಲ್ಲ ತಿಳಿಯಿತು. ಹೀಗಿದ್ದರೂ ಕೇರಳದ 2016ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ತಯಾರಾಗುವ ನಕ್ಷೆಯಾಗಲಿ, ಕರ್ನಾಟಕದ 1961ರ ಕಾಯ್ದೆಯಂತೆ ತಯಾರಾಗುವ ನಕ್ಷೆಯಾಗಲಿ ಗಡಿಕಲ್ಲಿಗೆ ಬಂದು ನಿಲ್ಲುತ್ತದೆ. ಆಚೆಯ ಕಾಲೇಜುಗಳೂ ವಸತಿ ಸಮುಚ್ಚಯಗಳೂ ಈಚೆಯ ರಸ್ತೆಗೆ ತರುವ ವಾಹನಗಳ ಲೆಕ್ಕ ಯಾರ ಕಡತದಲ್ಲಿದೆ?

ಎರಡೂ ರಾಜ್ಯಗಳು ಒಟ್ಟಾಗಿ ಯೋಜಿಸಲು ಕಾನೂನಿನ ಅಡ್ಡಿಯಿದೆಯೆಂದು ಹೇಳುವಂತಿಲ್ಲ. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯೇ ನೆರೆಯ ರಾಜ್ಯಗಳು ಒಟ್ಟಿಗೆ ಕುಳಿತು ಚರ್ಚಿಸುವ ವಲಯ ಮಂಡಳಿಗಳನ್ನೂ ಸ್ಥಾಪಿಸಿತು. ಆರ್ಥಿಕ–ಸಾಮಾಜಿಕ ಯೋಜನೆ, ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು ಮತ್ತು ಅಂತರರಾಜ್ಯ ಸಾರಿಗೆ ಈ ನಾಲ್ಕೂ ಅವುಗಳು ಚರ್ಚಿಸಬಹುದಾದ ವಿಷಯಗಳೆಂದು ಅದರಲ್ಲಿ ಬರೆದಿದೆ. (ನಾಲ್ಕೂ ನಮ್ಮ ತಾಲೂಕಿಗೇ ಹೊಂದುತ್ತವೆ ಎಂಬುದು ಬೇರೆ ಮಾತು.) ದಕ್ಷಿಣ ವಲಯ ಮಂಡಳಿಯಲ್ಲಿ ಕೇರಳ, ಕರ್ನಾಟಕ ಎರಡೂ ಇವೆ.

ಒಳನಾಡಿನ ವಿಷಯವೂ ಗಮನಾರ್ಹ. ಕಾಸರಗೋಡು ಜಿಲ್ಲೆಯ ಸರಕಾರಿ ವೈದ್ಯಕೀಯ ಕಾಲೇಜು ಇರುವುದು ಉಕ್ಕಿನಡ್ಕದಲ್ಲಿ, ಕರಾವಳಿಯ ರೈಲು ಹಳಿಗೆ ದೂರವಾದ, ಚೆರ್ಕಳ–ಕಲ್ಲಡ್ಕ ಅಂತರರಾಜ್ಯ ರಸ್ತೆಯಲ್ಲಿ. ಕೇರಳದ ಬೆಟ್ಟಪ್ರದೇಶದ ಮೂಲಕ ಸಾಗುವ ಮಲೆನಾಡ ಹೆದ್ದಾರಿ ನಮ್ಮ ನಂದಾರಪದವಿನಿಂದಲೇ ಆರಂಭವಾಗುತ್ತದೆ. ಇಂತಹ ರಸ್ತೆ ಬಂದ ಕೂಡಲೇ ಇಕ್ಕೆಲದ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಸಮತಟ್ಟು ನೆಲದಲ್ಲಿ, ಸೈಟುಗಳು ಏಳುತ್ತವೆ, ಬೈಲಿನ ಗದ್ದೆಗಳ ಮೇಲೆ ಕಣ್ಣು ಬೀಳುತ್ತದೆ. ಭತ್ತದ ಗದ್ದೆ ಮತ್ತು ಜೌಗು ಭೂಮಿಯನ್ನು ರಕ್ಷಿಸುವ ಕೇರಳದ 2008ರ ಕಾಯ್ದೆಯೊಂದನ್ನೇ ನೆಚ್ಚಿ ಕುಳಿತರೆ ಸಾಲದು. ಕಟ್ಟಡ ಎಲ್ಲಿ ಬೇಕು, ಬಸ್ಸು ಎಲ್ಲಿ ನಿಲ್ಲಬೇಕು ಎಂಬುದನ್ನು ಡಾಮರು ಬೀಳುವ ಮೊದಲೇ ನಿರ್ಧರಿಸಬೇಕು.

ಆದ್ದರಿಂದ ಕಾಸರಗೋಡು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಯೋಜನಾಧಿಕಾರಿಗಳು, ಸಾರಿಗೆ ಅಧಿಕಾರಿಗಳು ಹಾಗೂ ಗಡಿ ಪಂಚಾಯತುಗಳ ಪ್ರತಿನಿಧಿಗಳು ಜಂಟಿ ಸಭೆ ನಡೆಸಿ ಗಡಿಯ ಎರಡೂ ಬದಿಗೆ ಒಂದೇ ಸಾರಿಗೆ ಮತ್ತು ಭೂಬಳಕೆ ನಕ್ಷೆಯನ್ನು ಸಿದ್ಧಪಡಿಸಬೇಕು. ಅದರ ಕರಡನ್ನು ಆಕ್ಷೇಪಣೆಗಾಗಿ ಪ್ರಕಟಿಸುವಾಗ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಪಂಚಾಯತು ಕಚೇರಿಗಳಲ್ಲಿ ತೂಗುಹಾಕಬೇಕೆಂದು ವಿನಂತಿಸುತ್ತೇನೆ.

ಇತಿ,
ಮಂಜೇಶ್ವರದ ಓದುಗ