ಎದೆಬಡಿತ ಇಳಿದ ಮೇಲೆ ತೆಗೆದ ಇಸಿಜಿಯಿಂದ ಏನು ಪ್ರಯೋಜನ?

ಮಾನ್ಯ ಸಂಪಾದಕರೇ,

ಹೃದಯದ ಲಯ ತಪ್ಪುವ ಕಾಯಿಲೆಗೆ ಒಂದು ಕೆಟ್ಟ ಗುಣವಿದೆ. ತಾನಾಗಿ ನಿಂತರೆ ಗುರುತೇ ಉಳಿಸುವುದಿಲ್ಲ. ಹೃದಯಾಘಾತವಾದವರ ರಕ್ತದಲ್ಲಿ ಟ್ರೊಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೊರಬರುವ ಪ್ರೋಟೀನು) ದಿನಗಟ್ಟಲೆ ಏರಿಯೇ ಇರುತ್ತದೆ, ಆಂಜಿಯೋಗ್ರಾಂ ಮಾರನೇ ದಿನ ಮಾಡಿದರೂ ಕಟ್ಟಿಕೊಂಡ ರಕ್ತನಾಳ ಕಾಣುತ್ತದೆ. ಆದರೆ ನಿಮಿಷಕ್ಕೆ 180 ಸಲ ಬಡಿಯುತ್ತಿದ್ದ ಎದೆ 80ಕ್ಕೆ ಇಳಿದ ಮೇಲೆ ಇಸಿಜಿ ತೆಗೆದರೆ ಕಾಗದದ ತಲೆಯ ಮೇಲೆ 'ನಾರ್ಮಲ್' ಎಂದು ಅಚ್ಚಾಗಿ ಬರುತ್ತದೆ, ಅಷ್ಟೇ.

ಬೆಂಗಳೂರಿನ ಅನೇಕ ಆಸ್ಪತ್ರೆಗಳಲ್ಲಿ ನಡೆಯುವುದು ಇದೇ. ಎದೆ ಡವಡವ ಎನ್ನುತ್ತಿದೆ ಎಂದು ಬಂದವರು ಮೊದಲು ನೋಂದಣಿ ಕೌಂಟರ್‌ನಲ್ಲಿ ನಿಲ್ಲಬೇಕು. ಆಧಾರ್, ಮೊಬೈಲ್ ನಂಬರ್, ಚೀಟಿ, ಆಮೇಲೆ ಬಿಲ್ಲಿಂಗ್, ಇಸಿಜಿಗೆ ಬೇರೆ ರಸೀದಿ. ಅರ್ಧ ಗಂಟೆ ಹೋಯಿತು. ಅಷ್ಟರಲ್ಲಿ ಬಡಿತ ಇಳಿದಿರುತ್ತದೆ. ಗಂಡಸಾದರೆ 'ಗ್ಯಾಸ್ಟ್ರಿಕ್', ಹೆಂಗಸಾದರೆ 'ಟೆನ್ಷನ್' ಎಂದು ಬರೆದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಇದೇ ಹೆಂಗಸು ವರ್ಷಗಟ್ಟಲೆ ಹೀಗೆ ಆಸ್ಪತ್ರೆ ಸುತ್ತುವುದು ಅಪರೂಪವೇನಲ್ಲ.

ಎದೆನೋವು ಎಂದವರಿಗೆ 10 ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಎದೆ ಹಾರುತ್ತಿದೆ ಎಂದವರಿಗೂ, ಕಣ್ಣು ಕತ್ತಲಿಟ್ಟು ಬಿದ್ದವರಿಗೂ ಅದೇ 10 ನಿಮಿಷ ಅನ್ವಯವಾಗಲಿ. ಚೀಟಿ, ಬಿಲ್ಲು ಆಮೇಲೆ ಆಗಲಿ ಎಂಬುದು ನಮ್ಮ ಒತ್ತಾಯ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡವೂ ಬೇಡ. ತುರ್ತು ವಿಭಾಗದ ಬಾಗಿಲಲ್ಲೇ ಒಂದು ಮಂಚ, ಒಂದು ಪರದೆ, ಒಂದು ಇಸಿಜಿ ಯಂತ್ರ ಇದ್ದರೆ ಸಾಕು.

ಪರದೆ ಎಂದದ್ದು ಸುಮ್ಮನೆ ಅಲ್ಲ. ಮರೆ ಇಲ್ಲದ ಕಡೆ ಹೆಂಗಸರ ಬಟ್ಟೆ ಸರಿಸಲು ಸಂಕೋಚವಾಗಿ ಎದೆಯ ಎಲೆಕ್ಟ್ರೋಡುಗಳನ್ನು ಸಿಕ್ಕಷ್ಟು ಜಾಗದಲ್ಲಿ ಮೇಲಕ್ಕೆ ಅಂಟಿಸಿಬಿಡುತ್ತಾರೆ. ವಿ1, ವಿ2 ಎಂಬ ಮೊದಲೆರಡು ಎಲೆಕ್ಟ್ರೋಡುಗಳು ಇರಬೇಕಾದದ್ದು ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ, ಎದೆಮೂಳೆಯ ಬಲಕ್ಕೊಂದು, ಎಡಕ್ಕೊಂದು. ಎರಡನೇ ಸಂದಿಗೆ ಏರಿಸಿದರೆ ಆಗದ ಹೃದಯಾಘಾತ ಹಿಂದೆಂದೋ ಆಗಿತ್ತೇನೋ ಎಂಬಂತೆ ಗೆರೆ ಮೂಡುತ್ತದೆ. ಎಡಗೈ ಬಲಗೈ ತಂತಿ ಅದಲುಬದಲಾದರೆ ಒಂದನೇ ಲೀಡ್ (ಹೃದಯವನ್ನು ಒಂದು ದಿಕ್ಕಿನಿಂದ ನೋಡುವ ಗೆರೆ) ಪೂರ್ತಿ ತಲೆಕೆಳಗು. ಬೆವರಿದ ಚರ್ಮವನ್ನು ಒರೆಸದೆ ಅಂಟಿಸಿದರೆ ಗೆರೆ ಹಾವಿನಂತೆ ಹರಿದಾಡುತ್ತದೆ. ಆ ನಡುಕದ ನಡುವೆ ಪಿ ಅಲೆ (ಹೃದಯದ ಮೇಲಿನ ಕೋಣೆಗಳ ಸಣ್ಣ ಅಲೆ) ಇದೆಯೋ ಇಲ್ಲವೋ ಎಂದು ಯಾರೂ ಹೇಳಲಾರರು. ಲಯದ ಕಾಯಿಲೆಯಲ್ಲಿ ಮೊದಲು ಹುಡುಕುವುದೇ ಆ ಪಿ ಅಲೆಯನ್ನು.

ಇನ್ನೊಂದು ಸಣ್ಣ ವಿಷಯ. ಮಾಮೂಲಿ ಇಸಿಜಿ ಹಾಳೆಯಲ್ಲಿರುವುದು ಬರೀ 10 ಸೆಕೆಂಡಿನ ಬಡಿತ, ಒಂದೊಂದು ಲೀಡಿಗೆ ಎರಡೂವರೆ ಸೆಕೆಂಡು. ಲಯ ನೋಡಲು ಅದು ಸಾಲದು. ಎರಡನೇ ಲೀಡನ್ನು ಕನಿಷ್ಠ 30 ಸೆಕೆಂಡು ಉದ್ದಕ್ಕೆ ಓಡಿಸಬೇಕು. ಯಂತ್ರದ ಗಡಿಯಾರ ಸರಿ ಇದೆಯೇ ಎಂದೂ ನೋಡಬೇಕು. ಇಸವಿಯೇ ತಪ್ಪಾಗಿ ಅಚ್ಚಾಗುವ ಯಂತ್ರಗಳಿವೆ! ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಲಯವಿಲ್ಲದೆ ಕಂಪಿಸುವುದು) ಶುರುವಾಗಿ 48 ಗಂಟೆ ದಾಟಿದ್ದರೆ, ಅಥವಾ ಯಾವಾಗ ಶುರುವಾಯಿತೆಂದು ಖಚಿತವಿಲ್ಲದಿದ್ದರೆ, ಹೃದಯದೊಳಗೆ ಹೆಪ್ಪು ಕಟ್ಟಿರುವ ಭಯವಿರುತ್ತದೆ. ರೋಗಿ ಸ್ಥಿರವಾಗಿದ್ದಾಗ ಶಾಕ್ ಕೊಟ್ಟು ಲಯ ಸರಿಪಡಿಸುವ ಮೊದಲು ಮೂರು ವಾರ ರಕ್ತ ತೆಳುವಾಗಿಸುವ ಮಾತ್ರೆ ಕೊಡಬೇಕು, ಇಲ್ಲವೇ ಗಂಟಲಿನಿಂದ ಎಕೋ ಮಾಡಿ ಹೆಪ್ಪಿಲ್ಲ ಎಂದು ನೋಡಿಕೊಳ್ಳಬೇಕು. ಲಯ ಸರಿಹೋದ ಮೇಲೂ ಕನಿಷ್ಠ ನಾಲ್ಕು ವಾರ ಮಾತ್ರೆ ನಿಲ್ಲಿಸುವಂತಿಲ್ಲ. ಈ ಲೆಕ್ಕವೆಲ್ಲ ಆ ಕಾಗದದ ಮೇಲಿನ ಗಂಟೆ ನಿಮಿಷವನ್ನು ನಂಬಿಕೊಂಡಿದೆ.

ಕ್ಯಾಶುವಾಲ್ಟಿಯಲ್ಲಿ ಹೆಚ್ಚಾಗಿ ಎಡವುವುದು ಎಸ್‌ವಿಟಿ, ಅಂದರೆ ಹೃದಯದ ಮೇಲ್ಭಾಗದಿಂದ ಹುಟ್ಟುವ ಅತಿವೇಗದ ಬಡಿತ, ಬಂದಾಗ. ಬಡಿತ ವೇಗವಾಗಿ, ಒಂದೇ ಸಮನೆ ಇದ್ದು, ಬಿಪಿ ಬಿದ್ದಿಲ್ಲವೆಂದರೆ ಮೊದಲು ಔಷಧವಿಲ್ಲದ ಉಪಾಯ ಮಾಡಬೇಕು. ರೋಗಿಯನ್ನು ಅರೆ ಒರಗಿಸಿ ಕೂರಿಸಿ, 10 ಮಿ.ಲೀ. ಸಿರಿಂಜಿನ ಬಾಯಿಗೆ 15 ಸೆಕೆಂಡು ಜೋರಾಗಿ ಊದಿಸಬೇಕು. ಪಿಸ್ಟನ್ ಸ್ವಲ್ಪ ಅಲುಗಿದರೆ ಒತ್ತಡ ಸರಿಯಿದೆ ಎಂದರ್ಥ. ಕೂಡಲೇ ಚಪ್ಪಟೆ ಮಲಗಿಸಿ ಎರಡೂ ಕಾಲನ್ನು 45 ಡಿಗ್ರಿ ಎತ್ತಿ ಇನ್ನೊಂದು 15 ಸೆಕೆಂಡು ಹಿಡಿಯಬೇಕು. 2015ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ ಬರೀ ಊದಿಸಿದಾಗ ನೂರಕ್ಕೆ 17 ಜನರಿಗೆ ಲಯ ಮರಳಿದರೆ, ಕಾಲೆತ್ತಿದಾಗ 43 ಜನರಿಗೆ ಮರಳಿತ್ತು. ಇಷ್ಟು ಅಗ್ಗದ ಚಿಕಿತ್ಸೆ ಇನ್ನೊಂದಿಲ್ಲ. ಆದರೂ ಊದಿಸಿ, ಕಾಲೆತ್ತುವುದನ್ನು ಮರೆಯುತ್ತಾರೆ.

ಬಗ್ಗದಿದ್ದರೆ ಅಡೆನೊಸಿನ್ ಎಂಬ, ಬಡಿತದ ಓಟ ತಡೆಯುವ ಚುಚ್ಚುಮದ್ದು. ರಕ್ತದಲ್ಲಿ ಅದರ ಅರ್ಧಾಯುಷ್ಯ (ಮದ್ದು ಅರ್ಧಕ್ಕಿಳಿಯುವ ಹೊತ್ತು) 10 ಸೆಕೆಂಡೂ ಇಲ್ಲ. ಹಿಂಗೈಗೆ ಹಾಕಿದ ನೀಲಿ ಬಣ್ಣದ ಸಣ್ಣ ಕ್ಯಾನುಲಾದಲ್ಲಿ (ರಕ್ತನಾಳಕ್ಕೆ ತೂರಿಸುವ ನಳಿಕೆ) ನಿಧಾನವಾಗಿ ಕೊಟ್ಟರೆ ಹೃದಯ ತಲುಪುವಷ್ಟರಲ್ಲಿ ಮದ್ದೇ ಮುಗಿದಿರುತ್ತದೆ. 'ಮದ್ದು ಹಿಡಿಯಲಿಲ್ಲ' ಎಂದು ಬರೆದಿರುವ ಕೇಸ್‌ಶೀಟುಗಳಲ್ಲಿ ಎಷ್ಟೋ ಸಲ ತಪ್ಪು ಮದ್ದಿನದಲ್ಲ. ಮೊಣಕೈ ಮಡಿಕೆಯ ದಪ್ಪ ರಕ್ತನಾಳಕ್ಕೆ ಅದಕ್ಕಿಂತ ದೊಡ್ಡದಾದ ಹಸಿರು ಕ್ಯಾನುಲಾ ಹಾಕಿ, ಮೂರು ದಾರಿಯ ಕೀಲಿಗೆ ಒಂದು ಕಡೆ 6 ಮಿ.ಗ್ರಾಂ ಮದ್ದು, ಇನ್ನೊಂದು ಕಡೆ 20 ಮಿ.ಲೀ. ಸಲೈನ್ ಸಿರಿಂಜು ಸಿಕ್ಕಿಸಿ, ಒಂದರ ಹಿಂದೆ ಒಂದು ರಭಸದಿಂದ ತಳ್ಳಿ ಕೈಯನ್ನು ಮೇಲೆತ್ತಬೇಕು. ಒಂದೆರಡು ನಿಮಿಷದಲ್ಲಿ ಬದಲಾಗದಿದ್ದರೆ 12 ಮಿ.ಗ್ರಾಂ. ಉಬ್ಬಸ ಇದೆಯೇ ಎಂದು ಮೊದಲೇ ಕೇಳಿರಬೇಕು. ಕಾಫಿ ಕುಡಿದು ಬಂದಿದ್ದಾರೆಯೇ ಎಂದೂ ಕೇಳಬೇಕು. ಕೆಫೀನ್ ಈ ಮದ್ದಿನ ದಾರಿಗೇ ಅಡ್ಡ ನಿಲ್ಲುತ್ತದೆ, ನಮ್ಮೂರಲ್ಲಿ ಬೆಳಿಗ್ಗೆ ಬರುವ ಯಾರು ತಾನೇ ಫಿಲ್ಟರ್ ಕಾಫಿ ಬಿಟ್ಟು ಬಂದಾರು? ತಳ್ಳುವ ಮುಂಚೆ "ಸ್ವಲ್ಪ ಹೊತ್ತು ಎದೆ ಹಿಂಡಿದ ಹಾಗೆ, ಜೀವ ಹೋದ ಹಾಗೆ ಆಗುತ್ತೆ, ಹೆದರ್ಕೋಬೇಡಿ ಅಮ್ಮ" ಎಂದು ಒಂದು ಮಾತು ಹೇಳದಿದ್ದರೆ ಅವರು ಇನ್ನೆಂದೂ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಮುಖ್ಯವಾದದ್ದು, ಮದ್ದು ತಳ್ಳುವಾಗ ಇಸಿಜಿ ಕಾಗದ ಓಡುತ್ತಲೇ ಇರಬೇಕು. ಬಡಿತದ ಓಟ ಹೇಗೆ ನಿಂತಿತು, ನಿಲ್ಲುವ ಮುಂಚಿನ ಕೊನೆಯ ಅಲೆ ಯಾವುದು, ನಡುವೆ ಗರಗಸದ ಹಲ್ಲಿನಂಥ ಫ್ಲಟರ್ (ಇನ್ನೊಂದು ಬಗೆಯ ಲಯದ ಕಾಯಿಲೆ) ಅಲೆ ಇಣುಕಿತೇ ಎಂಬುದೆಲ್ಲ ಆ ಕೆಲವು ಸೆಕೆಂಡುಗಳಲ್ಲಿ ಮಾತ್ರ ಕಾಣಿಸುವುದು. ಮಾನಿಟರ್ ನೋಡಿ 'ಸರಿಹೋಯ್ತು' ಎಂದು ನಿಟ್ಟುಸಿರು ಬಿಟ್ಟರೆ ರೋಗನಿರ್ಣಯ ಕೈತಪ್ಪಿತು.

ಎಚ್ಚರವೂ ಬೇಕು. ಬಡಿತ ಅತಿ ವೇಗ, ಕ್ಯೂಆರ್‌ಎಸ್ (ಹೃದಯದ ಕೆಳಗಿನ ಕೋಣೆಗಳ ಚೂಪು ಅಲೆ) ಅಗಲ, ಅಂತರ ಏರುಪೇರು, ಈ ಮೂರೂ ಒಟ್ಟಿಗಿದ್ದರೆ ಅದು ಹೆಚ್ಚುವರಿ ವಿದ್ಯುತ್ ದಾರಿಯಿರುವ ಡಬ್ಲ್ಯುಪಿಡಬ್ಲ್ಯು (ವುಲ್ಫ್-ಪಾರ್ಕಿನ್ಸನ್-ವೈಟ್) ಹೃದಯವಾಗಿರಬಹುದು. ಅಲ್ಲಿ ಅಡೆನೊಸಿನ್, ವೆರಪಮಿಲ್, ಡಿಗಾಕ್ಸಿನ್‌ನಂಥ ಬಡಿತ ತಗ್ಗಿಸುವ ಮದ್ದು ಯಾವುದೂ ಕೂಡದು. ಹೃದಯ ಕಂಪಿಸಿ ನಿಂತೇಹೋದೀತು. ಬಿಪಿ ಬಿದ್ದಿದ್ದರೆ ಶಾಕ್ ಕೊಡಬೇಕು, ಅದೂ ಶಾಕನ್ನು ಬಡಿತದ ಜತೆ ಹೊಂದಿಸುವ 'ಸಿಂಕ್' ಗುಂಡಿ ಒತ್ತಿ. ಅನೇಕ ಯಂತ್ರಗಳಲ್ಲಿ ಒಂದು ಶಾಕ್ ಆದೊಡನೆ ಸಿಂಕ್ ತಾನಾಗಿ ಆರಿಹೋಗುತ್ತದೆ, ಎರಡನೆಯದಕ್ಕೆ ಮತ್ತೆ ಒತ್ತಬೇಕು. ರಾತ್ರಿ ಪಾಳಿಯ ಗಡಿಬಿಡಿಯಲ್ಲಿ ಮರೆತು, ಟಿ ಅಲೆಯ (ಬಡಿತದ ಬಳಿಕ ಹೃದಯ ಚೇತರಿಸಿಕೊಳ್ಳುವಾಗಿನ ಅಲೆ) ಮೇಲೆ ಶಾಕ್ ಬಿದ್ದರೆ ಇದ್ದ ಲಯವೂ ಕೆಟ್ಟು ಎದೆ ಒತ್ತಬೇಕಾದ ಸ್ಥಿತಿ ಬರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಆಸ್ಪತ್ರೆಯೂ ಕೊನೆಗೆ ಸೋಲುವುದು ಕಾಗದದಲ್ಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಎಸ್‌ವಿಟಿ, ಅಡೆನೊಸಿನ್‌ಗೆ ಸರಿಹೋಗಿದೆ' ಎಂಬ ಒಂದು ಸಾಲು, ಇಸಿಜಿ ಮಾತ್ರ ಫೈಲಿನೊಳಗೆ. ಮುಂದೆ ರೋಗಿ ಎಲೆಕ್ಟ್ರೋಫಿಸಿಯಾಲಜಿ (ಹೃದಯದ ವಿದ್ಯುತ್ ಲಯದ) ತಜ್ಞರ ಮುಂದೆ ಕೂತಾಗ, ಅದು ಜಯದೇವ ಇರಲಿ, ಬೇರೆಲ್ಲೇ ಇರಲಿ, ಅವರು ಕೇಳುವ ಮೊದಲ ಪ್ರಶ್ನೆ "ಬಡಿತ ಓಡುತ್ತಿದ್ದಾಗ ತೆಗೆದ ಇಸಿಜಿ ಎಲ್ಲಿ?" ತೊಡೆಸಂದಿನಿಂದ ತಂತಿ ಹಾಯಿಸಿ ಹೃದಯದೊಳಗಿನ ತಪ್ಪು ವಿದ್ಯುತ್ ದಾರಿಯನ್ನು ಸುಡುವ ಮೊದಲು, ಎಲ್ಲಿ ಹುಡುಕಬೇಕೆಂದು ತಿಳಿಸುವುದೇ ಆ ಹಾಳೆ. ಆಸ್ಪತ್ರೆಯವರು ಕೊಟ್ಟರೂ ಅದು ಶಾಖಕ್ಕೆ ಕಪ್ಪಾಗುವ ಕಾಗದ: ಬಿಸಿಲು, ಪ್ಲಾಸ್ಟಿಕ್ ಕವರು, ಸೆಲ್ಲೋಟೇಪು, ಸ್ಯಾನಿಟೈಸರ್ ತಗುಲಿದರೆ ಗೆರೆ ಅಳಿಸಿಹೋಗುತ್ತದೆ. ಜೆರಾಕ್ಸ್ ಮಾಡಿಸಿ ಕೊಡಲಿ. ರೋಗಿಯ ಕಡೆಯವರು ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಲು ಅಡ್ಡಿ ಮಾಡದಿರಲಿ.

ಕಾಗದ ಸಿಗದವರಿಗೆ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ) ಬರೆದುಕೊಡುತ್ತಾರೆ. ತಿಂಗಳಿಗೊಮ್ಮೆ ಎದೆ ಹಾರುವವರಿಗೆ 24 ಗಂಟೆಯ ಹೋಲ್ಟರ್ ಕಟ್ಟಿದರೆ ದುಡ್ಡು ದಂಡ. ಅಂಥವರಿಗೆ ವಾರಗಟ್ಟಲೆ ಅಂಟಿಸಿಕೊಳ್ಳುವ ಪಟ್ಟಿಯೋ, ತಾವೇ ಗುಂಡಿ ಒತ್ತುವ ರೆಕಾರ್ಡರೋ ಬೇಕು. ಕೈಗಡಿಯಾರದಲ್ಲಿ ಹಿಡಿದ 30 ಸೆಕೆಂಡಿನ ಇಸಿಜಿಯನ್ನು ಮುಖ ಸಿಂಡರಿಸದೆ ನೋಡುವ ಅಭ್ಯಾಸವನ್ನೂ ನಮ್ಮ ವೈದ್ಯರು ಮಾಡಿಕೊಂಡರೆ ಒಳ್ಳೆಯದು.

ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಓದಿ ಹೇಳುವ ಏರ್ಪಾಡು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿದೆ. ಅದರ ಕಣ್ಣು ಹೃದಯಾಘಾತದ ಮೇಲಿದೆ, ಸರಿಯೇ. ಅದೇ ಜಾಲದಲ್ಲಿ ಲಯ ತಪ್ಪಿದವರ ಇಸಿಜಿಯನ್ನೂ ಉಳಿಸಿ, ಮುಂದಿನ ಆಸ್ಪತ್ರೆಗೆ ಸಿಗುವಂತೆ ಮಾಡಲು ಆರೋಗ್ಯ ಇಲಾಖೆ ಮನಸ್ಸು ಮಾಡಲಿ. ಅಲ್ಲಿಯವರೆಗೆ ಪ್ರತಿ ಕ್ಯಾಶುವಾಲ್ಟಿಯವರೂ ಇಂದೇ ಮಾಡಬಹುದಾದ ಕೆಲಸವೊಂದಿದೆ. ಇಸಿಜಿ ಯಂತ್ರ ಆನ್ ಮಾಡಿ, ಅದರ ದಿನಾಂಕ, ಗಂಟೆ ಸರಿಪಡಿಸಿ.

— ಇಸಿಜಿ ತಂತ್ರಜ್ಞರು ಮತ್ತು ತುರ್ತು ವಿಭಾಗದ ಶುಶ್ರೂಷಕರು, ಬೆಂಗಳೂರು